ಗಲ್ಲದ ಉರಿ

"ಕರವಸ್ತ್ರ ತಗೀರಿ. ಮುಖ ನೋಡ್ಲಾರದ ಹೆಂಗ ಔಷಧ ಕೊಡ್ಲಿ?"

ಸುರಭಿ ಇದನ್ನೇ ಎರಡು ಸಲ ಮರಾಠಿಯಲ್ಲಿ ಕೇಳಿದ್ದಳು. ಅಷ್ಟರಲ್ಲಿ ಕೌಂಟರಿನ ಆಚೆ ನಿಂತವನು ಫೋನಿನಲ್ಲಿ "ಅಮ್ಮ, ನಾನು ಮೆಡಿಕಲ್‌ನಲ್ಲಿ ಇದ್ದೇನೆ" ಎಂದ. ಮೂರನೇ ಸಲ ಅವಳು ಕನ್ನಡದಲ್ಲೇ ಕೇಳಿದಳು.

ಅವನು ಹಿಂಜರಿಯುತ್ತ ಕರವಸ್ತ್ರ ಸರಿಸಿದ. ಎರಡೂ ಗಲ್ಲ ಕೆಂಪಾಗಿ ಉರಿಯುತ್ತಿದ್ದವು. ಕುತ್ತಿಗೆಯ ತುಂಬ ಸಣ್ಣ ಸಣ್ಣ ಗುಳ್ಳೆ.

"ಎಷ್ಟು ದಿನ ಆತು ಶೇವ್ ಮಾಡ್ಲಿಕ್ಕತ್ತಿ?"

"ನಿನ್ನೆಯಿಂದ."

ಮೂವತ್ತು ದಾಟಿದ ಗಂಡಸು... ನಿನ್ನೆಯಿಂದ? ಸುರಭಿ ನಗು ತಡೆದುಕೊಂಡಳು.

ಹೆಸರು ಸುಹಾಸ. ಕಾತ್ರಜದಲ್ಲಿ ತಂದೆಯ ಉಡುಪಿ ಹೊಟೇಲು. ಬ್ಲೇಡು ತಾಗಿದರೆ ಗುಳ್ಳೆ ಏಳುವ ಚರ್ಮವಾದ್ದರಿಂದ ಕಾಲೇಜಿನಿಂದಲೂ ಗಡ್ಡ ಬಿಟ್ಟಿದ್ದ. ಈಗ ಕೆಮಿಕಲ್ ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್ ಕೆಲಸ ಸಿಕ್ಕಿತ್ತು.

"ಗ್ಯಾಸ್ ಮಾಸ್ಕ್ ಮುಖಕ್ಕೆ ಸಂದಿಲ್ಲದೆ ಕೂರ್ಬೇಕು. ಗಡ್ಡ ಇದ್ರೆ ಆಗುದಿಲ್ಲ. ಮುಂದಿನ ಸೋಮವಾರ ಪರೀಕ್ಷೆ. ಪಾಸಾಗದಿದ್ರೆ ಕೆಲಸ ಇಲ್ಲ."

"ಶೇವ್ ಆದಮ್ಯಾಲೆ ಏನು ಹಚ್ಚಿದ್ರಿ?"

"ಪಟಿಕ ತಿಕ್ಕಿದೆ. ಅಪ್ಪನ ಆಫ್ಟರ್‌ಶೇವ್ ಹಾಕಿದೆ. ಉರೀತು ಅಂತ ಅಲೋವೆರಾ. ಆಮೇಲೆ ಅರಿಶಿನ."

"ಒಗ್ಗರಣಿ ಒಂದು ಬಾಕಿ ಉಳೀತು."

ಅವನು ನಗಲು ಹೋಗಿ, ಗಲ್ಲ ಎಳೆದು, ಮುಖ ಕಿವುಚಿದ.

ಅವನು ಶೆಲ್ಫಿನಲ್ಲಿದ್ದ ನೀಲಿ ಬಾಟಲಿಗೆ ಕೈ ಮಾಡಿ, ತಂಪಿನದ್ದು ಕೊಡಿ ಎಂದ. ಅವಳು ಕೊಡಲಿಲ್ಲ.

"ತಂಪು ಅನಸೂದೆಲ್ಲ ಚರ್ಮಕ್ಕ ಒಳ್ಳೇದಲ್ರಿ. ನಿಮಗ ಆಲ್ಕೋಹಾಲ್ ಬ್ಯಾಡ, ಸುವಾಸನಿ ಬ್ಯಾಡ, ಪುದೀನದ ತಂಪೂ ಬ್ಯಾಡ. ಈ ಸಾದಾ ಕ್ರೀಮ್ ಒಂದೇ ಸಾಕು. ಮೊದಲು ಕಿವಿ ಕೆಳಗ ಸ್ವಲ್ಪ ಹಚ್ಚಿ ಒಂದು ದಿನ ನೋಡ್ರಿ. ಉರಿ ಕಮ್ಮಿ ಆಗೋತನ ಬ್ಲೇಡ್ ಮುಟ್ಟಬ್ಯಾಡ್ರಿ. ಆಮ್ಯಾಲೆ ಉಗುರುಬೆಚ್ಚಗಿನ ನೀರು, ಕೂದಲು ಬೆಳೆಯೋ ದಿಕ್ಕಿಗೇ ಕೈ. ಟವೆಲ್ಲಿಲೆ ತಿಕ್ಕಬ್ಯಾಡ್ರಿ, ಒತ್ತಿ ಒರಸ್ರಿ."

ಅವನು ಎಲ್ಲವನ್ನೂ ಶಾಲೆಯ ಮಗುವಿನ ಹಾಗೆ ಫೋನಿನಲ್ಲಿ ಬರೆದುಕೊಂಡ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದ. ಅದರ ಮರುದಿನವೂ ಬಂದ. ಪ್ರತಿದಿನ ಒಂದು ಹೊಸ ಪ್ರಶ್ನೆ. ಸುರಭಿ ಒಂಬತ್ತು ಗಂಟೆಯಾದರೆ ರಸ್ತೆಯ ಕಡೆ ನೋಡತೊಡಗಿದಳು... ತನಗೇ ನಾಚಿಕೆಯಾಗುವಷ್ಟು.

ಬ್ಯಾಡ ಸುರಭಿ, ಎಂದಿತು ಮನಸ್ಸು. ಧಾರವಾಡದಿಂದ ಬಂದ ಮೂರು ಸಂಬಂಧಗಳು ಅವಳ ಗಲ್ಲದ ಮೇಲಿನ ಬಂಗಿನ ಕಪ್ಪು ಕಲೆ ನೋಡಿ, ಚಹಾ ಕುಡಿದು, ಸುಮ್ಮನಾಗಿದ್ದವು. ಇವನೊಬ್ಬನೇ ಅವಳ ಕಣ್ಣು ನೋಡಿ ಮಾತಾಡುತ್ತಿದ್ದ.

ಶನಿವಾರ ಒಂಬತ್ತಕ್ಕೆ ಅವನು ಬಂದ. ಆದರೆ ತಾಯಿಯ ಹಿಂದೆ, ತಲೆ ತಗ್ಗಿಸಿಕೊಂಡು. ಮುಖ ಬಾತಿತ್ತು. ಒಂದು ಕಣ್ಣು ಅರ್ಧ ಮುಚ್ಚಿತ್ತು.

"ನನ್ನ ಮಗನಿಗೆ ಎಂಥ ಕೊಟ್ಟದ್ದು ನೀನು?" ತಾಯಿ ಪ್ರೇಮಾವತಿಯ ಧ್ವನಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಇವತ್ತು ಸಂಜೆ ಹುಡುಗಿ ಮನೆಯವರು ಬರ್ಲಿಕ್ಕುಂಟು. ಈ ಮುಖ ತೋರಿಸುದಾ?"

ಹುಡುಗಿ ಮನೆಯವರು...

ಸುರಭಿ ಬಿಲ್ಲಿನ ಪುಸ್ತಕ ಮುಚ್ಚಿದಳು. ಹಂಗಾದ್ರ ಮಾಸ್ಕ್, ಪರೀಕ್ಷೆ, ದಿನಾ ಒಂದು ಪ್ರಶ್ನೆ... ಎಲ್ಲಾ ಇದಕ್ಕೇನು?

ಅಂಗಡಿಯ ಮಾಲೀಕರಾದ ಪಂಢರಿನಾಥ ಕಾಕಾ ಕನ್ನಡಕ ಏರಿಸಿ, ಏನು ಕೊಟ್ಟಿದ್ದೆ ಎಂದು ಮರಾಠಿಯಲ್ಲಿ ಕೇಳಿದರು. ಅವಳು ಅಲ್ಲಿ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಧ್ವನಿಯಲ್ಲಿ ಅನುಮಾನವಿತ್ತು.

ಅವಳು ಸುಹಾಸನ ಕಡೆ ತಿರುಗಿದಳು. ಅವನ ಹತ್ತಿರ ಪುದೀನ ಮತ್ತು ಸ್ಪಿರಿಟ್ಟಿನ ಘಾಟು ಇನ್ನೂ ಇತ್ತು.

"ನಾನು ಕೊಟ್ಟಿದ್ದು ಬಿಟ್ಟು ಬ್ಯಾರೆ ಏನು ಹಚ್ಚಿದ್ರಿ?"

ಸುಹಾಸ ತಾಯಿಯ ಮುಖ ನೋಡಿದ. ಬಾಯಿ ತೆರೆದ. ಮುಚ್ಚಿದ.

ಆ ಮೌನ ಸುರಭಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆದರೂ ಚೀಟಿ ಎಳೆದು ಚರ್ಮದ ಡಾಕ್ಟರ ಹೆಸರು ಬರೆದಳು.

"ಈಗಿಂದೀಗ ಹೋಗ್ರಿ. ಕಣ್ಣಿನ ತನಕ ಬಾವು ಬಂದದ. ಉಸಿರಾಟಕ್ಕ ತ್ರಾಸ ಆದ್ರ ಸೀದಾ ದವಾಖಾನಿಗೆ."

ಚೀಟಿ ಕೊಡುವಾಗ ಅವನ ಮುಖ ನೋಡಲಿಲ್ಲ.

ಮಧ್ಯಾಹ್ನ ಮೂರಕ್ಕೆ ಪ್ರೇಮಾವತಿ ಒಬ್ಬರೇ ಬಂದರು. ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತು ಕಾಕಾನಿಗೆ ತಪ್ಪು ತಪ್ಪು ಮರಾಠಿಯಲ್ಲಿ ಹೇಳಿದರು, ಈ ಹುಡುಗಿಯದು ತಪ್ಪಿಲ್ಲ ಎಂದು.

"ಮುಖಕ್ಕೆ ಕಳೆ ಬರ್ಲಿ ಅಂತ ಅವರಪ್ಪನ ಲೋಷನ್ನು ನಾನೇ ಹಚ್ಚಿದ್ದು ಮಗಾ. ಎರಡು ಸಲ. ಅವನು ಬೇಡ ಅಂದಿದ್ದ. ಡಾಕ್ಟರ್ ಕೇಳಿದಾಗ ನನ್ನ ಬಾಯಿಂದಲೇ ಬಂತು."

ಸುರಭಿ ಅವರಿಗೆ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಹುಡುಗಿ ಮನೆಯವರ ಸುದ್ದಿ ಮಾತ್ರ ಕೇಳಲಿಲ್ಲ.

ಸೋಮವಾರ ಕಳೆಯಿತು. ಅವನು ಬರಲಿಲ್ಲ. ಮದುವಿ ನಿಶ್ಚಯ ಆಗಿರಬೇಕು ಎಂದುಕೊಂಡಳು. ಒಂಬತ್ತು ಗಂಟೆಗೆ ಬೇಕೆಂದೇ ಒಳಗಿನ ಸ್ಟಾಕ್ ಜೋಡಿಸತೊಡಗಿದಳು.

ಇನ್ನೊಂದು ಸೋಮವಾರ ಬಂತು. ಸಂಜೆ ಐದಕ್ಕೆ ಅವನು ಕೌಂಟರಿನ ಮುಂದೆ ನಿಂತಿದ್ದ. ಬಾವು ಇಳಿದಿತ್ತು. ಗಲ್ಲದ ಸುತ್ತ ಮಾಸ್ಕಿನ ಅಂಚು ಒತ್ತಿದ ಗೆರೆ.

"ಡಾಕ್ಟರ್ ಚೀಟಿ ತೋರಿಸಿದ್ದಕ್ಕೆ ಪರೀಕ್ಷೆ ಒಂದು ವಾರ ಮುಂದೆ ಹಾಕಿದ್ರು. ಇವತ್ತು ಪಾಸಾಯ್ತು."

"ಛಲೋ ಆತು." ಅವಳು ಬಿಲ್ಲಿನ ಪುಸ್ತಕ ನೋಡುತ್ತಲೇ ಅಂದಳು. "ಹುಡುಗಿ ಮನ್ಯಾವ್ರಿಗೂ ಹೇಳ್ರಿ."

"ಅವರು ಬರ್ಲೇ ಇಲ್ಲ. ಬರುದು ಬೇಡ ಅಂತ ಆವತ್ತು ಇಲ್ಲಿಂದ ಹೋದ ಕೂಡ್ಲೇ ನಾನು ಫೋನ್ ಮಾಡಿದ್ದೆ. ಅಮ್ಮ ನನ್ನ ಕೇಳದೆ ಕರ್ದದ್ದು." ಅವನು ಉಸಿರೆಳೆದುಕೊಂಡ. "ಆದ್ರೆ ಆವತ್ತು ಇಲ್ಲಿ ನಾನು ಬಾಯಿ ಬಿಡ್ಬೇಕಿತ್ತು. ಎಲ್ಲರ ಮುಂದೆ ಅಮ್ಮನಿಗೆ ಅವಮಾನ ಆಗ್ತದೆ ಅಂತ ನಿಮಗೆ ಅವಮಾನ ಆಗ್ಲಿಕ್ಕೆ ಬಿಟ್ಟೆ. ಆ ಮುಖ ಹೊತ್ತು ಬರ್ಲಿಕ್ಕೆ ಒಂಬತ್ತು ದಿನ ಬೇಕಾಯ್ತು."

ಸುರಭಿಯ ಕಣ್ಣು ತುಂಬಿತು. "ನನಗ ಭಾಳ ನೋವಾಗಿತ್ರಿ."

"ಗೊತ್ತುಂಟು. ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಮೂರನೇ ದಿನಕ್ಕೇ ಉರಿ ನಿಂತಿತ್ತು. ಆಮೇಲೆ ಬಂದದ್ದು... ನಿಮ್ಮನ್ನು ನೋಡ್ಲಿಕ್ಕೆ."

ಕಾಕಾ ಎದ್ದು ಚಹಾದ ನೆಪದಲ್ಲಿ ಹೊರಗೆ ಹೋದರು.

"ನನ್ನ ಮುಖ ಸರಿಯಾಗಿ ನೋಡೀರೇನು?" ಎಂದಳು ಅವಳು, ಬಲು ಮೆಲ್ಲಗೆ. "ಈ ಬಂಗು ಹೋಗೂದಲ್ಲ."

"ದಿನಾ ನೋಡಿದ್ದೇನೆ. ನಿಮ್ಮಪ್ಪ ಯಾವತ್ತು ಮನೆಯಲ್ಲಿರ್ತಾರೆ?"

"ರವಿವಾರ." ಅವಳು ಕಣ್ಣೊರೆಸಿಕೊಂಡಳು. "ಅಮ್ಮನ್ನೂ ಕರ್ಕೊಂಡು ಬರ್ರಿ. ಅವರು ಆವತ್ತು ಬರೇ ನೀರು ಕುಡಿದು ಹೋಗ್ಯಾರ."