ಅಣ್ಣನ ಹೆಸರಲ್ಲಿ ತಮ್ಮನ ಹಲ್ಲು

ಮಾವನ ಜೇಬುಗಡಿಯಾರ ಚಿಕ್ಕಳಿಯನಿಗೆ ಅನ್ನುವ ಸುದ್ದಿ ಊಟಕ್ಕೆ ಕೂತಾಗ ಬಂತು. ದೊಡ್ಡಳಿಯನ ಹೊಟ್ಟೆಗೆ ಬೆಂಕಿ ಬಿತ್ತು. ಹದಿನೇಳು ವರ್ಷದಿಂದ ಆ ಗಡಿಯಾರಕ್ಕೆ ಎಣ್ಣೆ ಬಿಟ್ಟವನು ಯಾರು? ಸ್ಪ್ರಿಂಗ್ ಮುರಿದಾಗ ಮೂರು ವಾರ ಅಲೆದು ಇನ್ನೊಂದು ತಂದು ಹಾಕಿದವನು ಯಾರು? ಗಡಿಯಾರ ರಿಪೇರಿ ಅವನ ಕಸುಬು. "ಇದು ನಿನಗೇ ಕಣಯ್ಯಾ" ಅಂತ ಮಾವ ಬೆನ್ನು ತಟ್ಟಿದ್ದು ಒಂದು ಸಲವಲ್ಲ. ಈಗ ನೋಡಿದರೆ, ಮೊಬೈಲು ತೆಗೆಯದೆ ಗಂಟೆ ಎಷ್ಟಾಯಿತೆಂದು ಹೇಳಲಾರದ ಆ ಷಡ್ಡಕನ ಪಾಲು!

"ಅವನಿಗೆ ಬಡ್ತಿ ಸಿಕ್ಕಿದೆಯಲ್ಲ, ಕೋಟಿನ ಜೇಬಿಗೆ ಒಪ್ಪುತ್ತೆ," ಅಂದರು ಮಾವ.

"ಒಪ್ಪುತ್ತೆ ಮಾವ, ಬಹಳ ಒಪ್ಪುತ್ತೆ," ಅಂತ ದೊಡ್ಡಳಿಯ ಹಲ್ಲು ಕಿರಿದ. ಕದಿಯುವುದೆಂದು ತೀರ್ಮಾನವಾದದ್ದು ಆಗಲೇ.

ಕದಿಯುವುದೇನು ಮಹಾ! ಮಂಗಳವಾರ ಹತ್ತಕ್ಕೆ ಮಾವ ದೇವಸ್ಥಾನಕ್ಕೆ ಹೋದರೆ ಹನ್ನೊಂದರ ತನಕ ಬರುವುದಿಲ್ಲ. ಅತ್ತೆ ಆ ಹೊತ್ತಿಗೆ ಚಿಕ್ಕಮಗಳ ಮನೆಯಲ್ಲಿ. ಹಿಂಬಾಗಿಲ ಕೀಲಿ ಹೂಕುಂಡದ ಕೆಳಗೆ, ಡ್ರಾಯರಿನ ಕೀಲಿ ಕ್ಯಾಲೆಂಡರಿನ ಹಿಂದೆ. ತೊಂದರೆಯೆಂದರೆ ಇದು ಗೊತ್ತಿರುವುದು ಮನೆಯವರಿಗೆ ಮಾತ್ರ, ಮಾವನೋ ಪೊಲೀಸರನ್ನು ಕರೆಸದೆ ಬಿಡುವ ಪೈಕಿಯಲ್ಲ. ಸಿಕ್ಕಿಬಿದ್ದರೆ ಗಡಿಯಾರವೂ ಹೋಯಿತು, ಮಾನವೂ ಹೋಯಿತು. ಹೆಂಡತಿಗೆ ಮುಖ ತೋರಿಸುವ ಹಾಗಿಲ್ಲ. ಆ ಒಂದು ಗಂಟೆ ತಾನು ಬೇರೆಡೆ ಇದ್ದೆನೆಂದು ಹೇಳಲು ಒಬ್ಬ ಮರ್ಯಾದಸ್ಥ ಸಾಕ್ಷಿ ಬೇಕು.

ದಾರಿ ತೋರಿಸಿದವಳು ಹೆಂಡತಿಯೇ. "ರೀ, ಕನ್ನಡಿಲಿ ಆ ಹಲ್ಲು ನೋಡ್ಕೊಳ್ಳಿ ಒಂದ್ಸಲ! ಹಲ್ಲೋ, ಟೀ ಸೋಸೋ ಬಟ್ಟೆಯೋ? ಡಾಕ್ಟರ ಹತ್ರ ಹೋಗಿ ಕ್ಲೀನ್ ಮಾಡಿಸ್ಕೊಂಡು ಬನ್ನಿ ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ."

ಆಹಾ, ಹಲ್ಲಿನ ಡಾಕ್ಟರ ಕುರ್ಚಿ! ಮುಕ್ಕಾಲು ಗಂಟೆ ಬಾಯಿ ತೆರೆದುಕೊಂಡು ಮಲಗಿದ್ದವನು ಕಳ್ಳತನಕ್ಕೆ ಹೋಗಿದ್ದ ಅಂತ ಯಾರಾದರೂ ಹೇಳಿಯಾರೇ? ಮಲಗುವುದಕ್ಕೆ ತಮ್ಮನಿದ್ದ. ಒಂದೇ ವರ್ಷದ ಅಂತರ. ಅದೇ ಮೀಸೆ, ಅದೇ ಬೊಕ್ಕತಲೆ. ಅಂಗಡಿಯ ಗಿರಾಕಿಗಳೇ ಎಷ್ಟೋ ಸಲ ಏಮಾರಿದ್ದರು.

"ಆ ಮೆಷಿನ್ನಿನ ಸದ್ದು ಕೇಳಿದ್ರೇ ನನಗೆ ಕೈಕಾಲು ನಡುಗುತ್ತೆ ಕಣೋ," ಅಂದ ತಮ್ಮನಿಗೆ. "ನನ್ನ ಹೆಸರಲ್ಲಿ ನೀನು ಹೋಗಿ ಬಾ. ನಿಮ್ಮತ್ತಿಗೆಗೆ ಒಂದು ಚೀಟಿ ತೋರಿಸಿದ್ರೆ ಸಾಕು."

"ಅಲ್ಲಣ್ಣಾ, ಅತ್ತಿಗೆ ಬೈದಿದ್ದು ನಿನಗೆ, ಹಲ್ಲು ಉಜ್ಜಿಸ್ಕೊಳ್ಳೋದು ನಾನಾ?"

"ನಿನಗೆ ಪುಕ್ಕಟೆ ಕಣೋ."

"ಯಾವತ್ತು ಹೋಗ್ಬೇಕು?" ಅಂದ ತಮ್ಮ. ಪಾಪ, ಅವನಿಗೆ ಬೇರೇನೂ ಗೊತ್ತಿರಲಿಲ್ಲ.

ದೊಡ್ಡಳಿಯ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಕಣ್ಣಿಗೆ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು, ತಮ್ಮನ ಬಾಯಿಗೆ ಟಾರ್ಚು ಹಿಡಿದು ಎಣಿಸಿದ. ಅವನಿಗೂ ಮೂವತ್ತೆರಡು, ತನಗೂ ಮೂವತ್ತೆರಡು. ಒಂದೂ ಹುಳುಕಿಲ್ಲ, ತುಂಬಿಸಿದ್ದಿಲ್ಲ, ಕಟ್ಟಿಸಿದ್ದಿಲ್ಲ. ಡಾಕ್ಟರು ಲೆಕ್ಕ ಬರೆದಿಟ್ಟರೂ ಇಬ್ಬರಿಗೂ ಹೊಂದುತ್ತದೆ. ಇನ್ನು ಬಣ್ಣ. ಕ್ಲೀನ್ ಮಾಡಿಸಿಕೊಂಡ ಬಾಯಿ ಕ್ಲೀನಾಗಿ ಕಾಣಬೇಡವೇ? ಸಾಮಾನ್ಯ ಕಳ್ಳನಾದರೆ ಇಲ್ಲೇ ಎಡವುತ್ತಿದ್ದ. ಇವನು ಸೋಮವಾರ ಸಂಜೆ ಅಡಿಗೆ ಸೋಡಾ, ಉಪ್ಪು, ನಿಂಬೆರಸ ಕಲಸಿಕೊಂಡು ಬಚ್ಚಲ ಕನ್ನಡಿಯ ಮುಂದೆ ನಿಂತ. ಗಡಿಯಾರದ ಚಕ್ರ ಉಜ್ಜುವ ಸಣ್ಣ ಬ್ರಷ್ಷಿನಿಂದ ಒಂದೊಂದೇ ಹಲ್ಲು ಉಜ್ಜಿದ, ನೋಡಿದ, ಸಮಾಧಾನವಾಗದೆ ಮತ್ತೆ ಉಜ್ಜಿದ. ವಸಡಿನಲ್ಲಿ ರಕ್ತ ಜಿನುಗಿತು. ಜಿನುಗಲಿ ಬಿಡು, ಡಾಕ್ಟರ ಹತ್ತಿರ ಹೋದವರಿಗೂ ಹಾಗೇ ಆಗುತ್ತಂತೆ. ಕೊನೆಗೆ ಕನ್ನಡಿಯಲ್ಲಿ ನಕ್ಕ. ಮದುವೆಯ ದಿನವೂ ಅವನ ಹಲ್ಲು ಅಷ್ಟು ಬೆಳ್ಳಗಿರಲಿಲ್ಲ. ಅಲ್ಲಿಂದ ಮರುದಿನ ಮಧ್ಯಾಹ್ನದ ತನಕ ಹೆಂಡತಿಯೆದುರು ತುಟಿ ಬಿಚ್ಚಲಿಲ್ಲ. ಅವಳಿಗೆ ಮನೆ ತಣ್ಣಗಿದೆ ಅನ್ನಿಸಿತು.

ಮಂಗಳವಾರ ಎಲ್ಲವೂ ಅಂದುಕೊಂಡಂತೆ ನಡೆಯಿತು. ಹತ್ತೂ ಇಪ್ಪತ್ತಕ್ಕೆ ಗಡಿಯಾರ ಅವನ ಅಂಗೈಯಲ್ಲಿತ್ತು. ಕಿವಿಗೆ ಹಿಡಿದು ಕೇಳಿದ; ಕಣ್ಣಲ್ಲಿ ನೀರು ಬಂತು, ನಿಜವಾಗಿಯೂ ಬಂತು. ಅಂಗಡಿಗೆ ಹೋಗಿ, ಕೆಟ್ಟು ನಿಂತ ಗೋಡೆ ಗಡಿಯಾರವೊಂದರ ಹೊಟ್ಟೆಯೊಳಗೆ ಅದನ್ನು ಮಲಗಿಸಿದ. ಹನ್ನೊಂದೂವರೆಗೆ ತಮ್ಮ ಚೀಟಿ ತಂದುಕೊಟ್ಟ. ಹತ್ತರಿಂದ ಹತ್ತೂ ಐವತ್ತು, ಕೆಳಗೆ ಡಾಕ್ಟರಮ್ಮನ ಸಹಿ.

ಬುಧವಾರ ಬೆಳಿಗ್ಗೆ ಮಾವನೊಂದಿಗೆ ಇನ್‌ಸ್ಪೆಕ್ಟರು ಬಂದರು. ದೊಡ್ಡಳಿಯ ಚೀಟಿ ಕೊಟ್ಟು, ಜೊತೆಗೆ ಒಂದು ನಗೆಯನ್ನೂ ಕೊಟ್ಟ.

"ಹೇಗೆ ಹೊಳೀತಿದೆ ನೋಡಿ ಸಾರ್! ನಾನೇ ಬಲವಂತ ಮಾಡಿ ಕಳಿಸಿದ್ದು," ಅಂದಳು ಹೆಂಡತಿ, ಹೆಮ್ಮೆಯಿಂದ.

ಮಾವ ಸಂಕೋಚದಿಂದ ಮುದುಡಿಹೋದರು. "ತಪ್ಪು ತಿಳ್ಕೋಬೇಡಪ್ಪ. ಎಲ್ಲರನ್ನೂ ಕೇಳಲೇಬೇಕಂತೆ. ಡಾಕ್ಟರಮ್ಮ ಒಂದು ಮಾತು ಹೇಳಿಬಿಟ್ರೆ ಮುಗೀತು."

"ಅಯ್ಯೋ ಅದಕ್ಕೇನು ಮಾವ, ನಡೀರಿ," ಅಂತ ದೊಡ್ಡಳಿಯನೇ ಮೊದಲು ಚಪ್ಪಲಿ ಮೆಟ್ಟಿದ.

"ಮುಖ ಇವರದ್ದೇ ಇರಬೇಕು ಸಾರ್. ಆದ್ರೆ ನಾವು ಮುಖ ಎಲ್ಲಿ ನೋಡ್ತೀವಿ, ನೋಡೋದು ಬಾಯಿ," ಅಂತ ಡಾಕ್ಟರಮ್ಮ ಅವನನ್ನು ಕುರ್ಚಿಗೆ ಒರಗಿಸಿ ದೀಪ ಹಾಕಿದರು. ಅವನು ಧಾರಾಳವಾಗಿ ಬಾಯಿ ತೆರೆದ. ಮೂವತ್ತೆರಡೂ ಸರಿಯಿತ್ತು, ಬಣ್ಣವೂ ಸರಿಯಿತ್ತು. ಬಾಗಿಲಲ್ಲಿ ನಿಂತ ಮಾವ ಉಸಿರು ಬಿಟ್ಟರು. ಆಮೇಲೆ ಡಾಕ್ಟರಮ್ಮ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಕೆಳಗಿನ ಮುಂಬಲ್ಲುಗಳ ಹಿಂದೆ, ನಾಲಿಗೆಯ ಕಡೆಗೆ ಇಳಿಸಿದರು. ಬಚ್ಚಲ ಕನ್ನಡಿಗೆ ಯಾವತ್ತೂ ಕಾಣದ ಜಾಗ ಅದು. ಕೊಕ್ಕೆಯಿಂದ ಕೆರೆದರು, ಕಲ್ಲು ಕೆರೆದ ಸದ್ದಾಯಿತು. "ಸಾರ್, ನಿನ್ನೆ ಈ ಚೀಟಿಯವರ ಹಲ್ಲಿನ ಹಿಂದೆ ಇದ್ದ ಕಿಟ್ಟ ಪೂರ್ತಿ ನಾನೇ ಕೆರೆದು ತೆಗೆದಿದೀನಿ. ಇಲ್ಲಿ ನೋಡಿ, ಗೋಡೆ ಥರ ಕಟ್ಕೊಂಡಿದೆ. ಬ್ರಷ್ಷಿಗೆ ಹೋಗೋದಲ್ಲ ಇದು, ಒಂದು ದಿನದಲ್ಲಿ ಬೆಳೆಯೋದೂ ಅಲ್ಲ. ಹತ್ತು ವರ್ಷದ್ದಾದ್ರೂ ಇರಬೇಕು." ದೊಡ್ಡಳಿಯ ಏನೋ ಹೇಳಹೋದ, ಬಾಯಲ್ಲಿ ಕನ್ನಡಿಯೂ ಇತ್ತು, ಕೊಕ್ಕೆಯೂ ಇತ್ತು. "ಈ ಬಾಯಿ ನಾನು ನೋಡ್ತಿರೋದು," ಅಂದರು ಡಾಕ್ಟರಮ್ಮ, "ಇವತ್ತೇ ಮೊದಲು."