ಎಡಗೈ ರೊಟ್ಟಿ

ಪಕ್ಕದ ಮನೆಯ ಫರ್ಜಾನಾ ಎದುರಿಗೇ ಕೂತಿದ್ದಳು. ಇಲ್ಲದಿದ್ದರೆ ಈ ಮಾತನ್ನು ನಾನೇ ನಂಬುತ್ತಿರಲಿಲ್ಲ.

ರೋಣದಲ್ಲಿ ನಾನು, ನನ್ನ ಗೆಳತಿ ಕಳಕವ್ವ ಸೇರಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದೆವು. ಎದೆಯ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಅವಳ ಬಲಗೈ ಬಾತುಕೊಂಡಿತು. ಬಳೆ ಇಳಿಯಲಿಲ್ಲ. ತಾನೇ ರೊಟ್ಟಿ ತಟ್ಟುವ ಕಲ್ಲಿಗೆ ಬಡಿದು ಒಡೆದುಕೊಂಡಳು.

"ಆ ಕೈ ಒಲ್ಲೆ ಅಂದ್ರ ಈ ಕೈ ಐತಲ್ಲ," ಎಂದು ಎಡಗೈಯಿಂದಲೇ ಬಡಿಯಲು ಕಲಿತಳು. ರೊಟ್ಟಿ ಉಲ್ಟಾ ತಿರುಗುತ್ತಿತ್ತು. ಸಪ್ಪಳವೂ ಬೇರೆ: ಒಂದು ಜೋರು, ಎರಡು ಮೆಲ್ಲಗೆ.

ಹಾಸಿಗೆ ಹಿಡಿದಾಗಲೂ ಗದರಿದಳು. "ನಾ ಹೋದ್ನಂತ ಒಲಿ ಆರಿಸಬ್ಯಾಡ. ಆರಿಸಿದ್ರ ನಾ ಸುಮ್ಮನಿರಂಗಿಲ್ಲ."

ಯುಗಾದಿಗೆ ಮುಂಚೆ ಹೋಗಿಬಿಟ್ಟಳು. ಒಬ್ಬಳೇ ನಡೆಸಲು ನನಗೆ ಮನಸ್ಸಾಗಲಿಲ್ಲ. ಒಪ್ಪಿಕೊಂಡಿದ್ದ ಒಂದು ಮದುವೆಯ ರೊಟ್ಟಿ ಮುಗಿಸಿ ಅಂಗಡಿಯ ಬಾಗಿಲು ಹಾಕೋಣವೆಂದು ಮಧ್ಯಾಹ್ನ ಬಡಿಯಲು ಕೂತೆ. ಬೇಯಿಸುವುದಕ್ಕೆ ಫರ್ಜಾನಾ ಬಂದಿದ್ದಳು. ಒಲೆ ಧಗಧಗ ಉರಿಯುತ್ತಿದ್ದರೂ ತಟ್ಟುವ ಕಲ್ಲು ಮಾತ್ರ ಬಾವಿಯ ನೀರಿನಷ್ಟು ತಣ್ಣಗಿತ್ತು.

"ಇದೊಂದು ಮುಗದ್ರ ಸಾಕವಾ. ನಾಳಿಂದ ಒಲಿ ಹಚ್ಚಂಗಿಲ್ಲ," ಅಂದೆ.

ಆಗ ಸಪ್ಪಳ ಕಿವಿಗೆ ಬಿತ್ತು. ಒಂದು ಜೋರು, ಎರಡು ಮೆಲ್ಲಗೆ. ಎಲ್ಲಿಂದ ಬರುತ್ತಿದೆಯೆಂದು ಕೇಳಲು ಕೈ ನಿಲ್ಲಿಸಿದೆ. ಸಪ್ಪಳವೂ ನಿಂತಿತು.

"ಕಾಕೂ," ಫರ್ಜಾನಾ ಮೆಲ್ಲಗೆ ಕೇಳಿದಳು, "ಎಡಗೈಲೆ ಬಡಿಯೂದು ಯಾವಾಗ ಕಲತ್ರಿ?"

ಕೆಳಗೆ ನೋಡಿದೆ. ಹಿಟ್ಟು ಹತ್ತಿದ್ದು ಎಡಗೈಗೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಅಂಗಡಿ ಈಗಲೂ ನಡೆದಿದೆ, ಒಲೆ ಆರಿಸಿಲ್ಲ. ಅಂದು ಸಂಜೆ ಮಾತ್ರ ನನ್ನ ಬಲಗೈಯ ಬಳೆಗಳು ಇಳಿಯಲಿಲ್ಲ. ಕಲ್ಲಿಗೆ ಬಡಿದೇ ಒಡೆಯಬೇಕಾಯಿತು.