ಬೀಗ ಹಾಕಿದ ಕೊರಳಪಟ್ಟಿ

ಪ್ರೆಂಗ ಸುಳ್ಳು ಹೇಳುತ್ತಿದ್ದಾನೆ ಎಂದೇ ನನಗೆ ಅನಿಸಿತ್ತು. ಕರಡಿಯನ್ನು ಸರಪಳಿಯಲ್ಲಿ ಕಟ್ಟಿಡುವುದು ನಮ್ಮ ಅಲ್ಬೇನಿಯಾದಲ್ಲಿ ಅಪರಾಧ. ಗಿರಾಕಿಗಳನ್ನು ಸೆಳೆಯಲು ಅವನು ಕಟ್ಟಿದ್ದ ಕರಡಿಯನ್ನು ಬಿಡಿಸಿ ತರಲು ವನ್ಯಜೀವಿ ಅಧಿಕಾರಿಯಾದ ನಾನೂ ಅರಣ್ಯ ರಕ್ಷಕ ಫ್ಲಮೂರನೂ ಪಿಕಪ್ ಗಾಡಿಯಲ್ಲಿ ಪೂಕಾ ಘಟ್ಟದ ಅವನ ಹೋಟೆಲಿಗೆ ಹೋಗಿದ್ದೆವು.

"ಬೇಸಿಗೇಲೇ ಸತ್ತೋಯ್ತು ಸಾಹೇಬ್ರೇ. ಈ ರೊಟ್ಟಿ ಆಣೆ," ಎಂದು ಪ್ರೆಂಗ ಮೇಜಿನ ಮೇಲಿದ್ದ ರೊಟ್ಟಿ ಮುಟ್ಟಿದ.

"ಆ ರೊಟ್ಟಿ ನಿಂಗೇನು ಪಾಪ ಮಾಡಿತ್ತೋ! ನಡಿ, ಬೋನು ತೋರ್ಸು," ಎಂದ ಫ್ಲಮೂರ.

ಹಿತ್ತಲಿನ ಬೋನಿಗೆ ಸೂರಿರಲಿಲ್ಲ. ಬೆಳಿಗ್ಗೆಯಷ್ಟೇ ಬಿದ್ದ ಹಿಮದಲ್ಲಿ, ನಡುವಿನ ಕಂಬದ ಸುತ್ತ ಕರಡಿ ತಿರುಗಿದ ಹೆಜ್ಜೆಗಳಿದ್ದವು. ಬೋನಿನಿಂದಾಚೆ ಒಂದೂ ಇರಲಿಲ್ಲ. ಸರಪಳಿಯ ತುದಿಯ ಕೊರಳಪಟ್ಟಿ ಖಾಲಿಯಿತ್ತು, ಆದರೆ ಅದಕ್ಕೆ ಬೀಗ ಹಾಕಿಯೇ ಇತ್ತು. ಮುಟ್ಟಿದೆ. ಆ ಚಳಿಯಲ್ಲೂ ಕಬ್ಬಿಣ ಬೆಚ್ಚಗಿತ್ತು.

"ಎಲ್ಲಿ ಬಚ್ಚಿಟ್ಟಿದೀಯ? ಬೀಗದ ಕೈ ಕೊಡು. ಇದನ್ನ ಸಾಕ್ಷಿಗೆ ಒಯ್ತೀನಿ," ಎಂದೆ.

"ಬೇಕಾದ್ರೆ ನನ್ನೇ ಜೈಲಿಗೆ ಹಾಕಿ ಸಾಹೇಬ್ರೇ. ಆ ಬೀಗ ಮಾತ್ರ ತೆಗೀಬೇಡಿ."

ಅವನು ಗೋಗರೆದಷ್ಟೂ ನನ್ನ ಅನುಮಾನ ಗಟ್ಟಿಯಾಯಿತು. ಬೀಗದ ಕೈ ಕಿತ್ತುಕೊಂಡು ತೆಗೆದೇಬಿಟ್ಟೆ. ಹೋಟೆಲಿನೊಳಗೆ ಅವನ ಹೆಂಡತಿ ಡ್ರಾನೆ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುವ ಸದ್ದು ಕೇಳಿತು.

ಸರಪಳಿಯನ್ನು ಕಂಬದಿಂದ ಬಿಚ್ಚಿಕೊಂಡು ಹಿಂತಿರುಗಿದೆ. ನಾವು ಬಂದ ಬೂಟಿನ ಗುರುತುಗಳ ಪಕ್ಕದಲ್ಲೇ, ಬೋನಿನ ಬಾಗಿಲಿನಿಂದ ನಮ್ಮ ಗಾಡಿಯವರೆಗೆ ಕರಡಿಯ ಹೆಜ್ಜೆಗಳು ಮೂಡಿದ್ದವು. ಅಲ್ಲಿಂದ ಮುಂದೆ ಎಲ್ಲಿಗೂ ಹೋಗಿರಲಿಲ್ಲ.

ಫ್ಲಮೂರ ನನ್ನ ತೋಳು ಹಿಡಿದುಕೊಂಡ. ಗಾಡಿ ಖಾಲಿಯಿತ್ತು. ಅದರ ಹಿಂಬದಿ ಮಾತ್ರ ಒಂದು ಗೇಣು ಕುಸಿದಿತ್ತು. ಸರಪಳಿ ಇನ್ನೂ ನನ್ನ ಕೈಯಲ್ಲೇ ಇತ್ತು.